ಬಿಂದಿಗೆಯೊಳಗೆ ಕೂಗಿದ ಫೋನು

ಚಿಂತೆ ಮಾಡಲು ನನಗೆ ಕಾರಣ ಬೇಕಾಗಿಲ್ಲ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬನಶಂಕರಿ ಬಸ್‌ಸ್ಟ್ಯಾಂಡಿನಿಂದ ಇಟ್ಟಮಡುವಿನ ಮನೆಗೆ ವಾಪಸ್ಸು ಬಂದು, ನೋಡಿ, ಮತ್ತೆ ಹೊರಟು, ಬೀಗ ಸರಿಯಾಗಿ ಹಾಕಿದೆನೋ ಇಲ್ಲವೋ ಎಂದು ಇನ್ನೊಮ್ಮೆ ವಾಪಸ್ಸು ಬಂದವಳು ನಾನು. ಇಂಥವಳಿಗೆ ನಿಜವಾದ ಕಾರಣವೇ ಸಿಕ್ಕಿಬಿಟ್ಟರೆ ಏನಾಗುತ್ತದೆ ಎನ್ನುವುದು ಗೊತ್ತಾದದ್ದು ಎರಡು ಸಾವಿರದ ಐದರ ಸುಮಾರಿಗೆ, ಒಂದು ಭಾನುವಾರ, ತುರಹಳ್ಳಿ ಗುಡ್ಡದ ಬಂಡೆಗಳ ನಡುವೆ. ಮರಕ್ಕೆ ನೇತುಹಾಕಿದ್ದ ಒಂದು ಹಸಿರು ಪ್ಲಾಸ್ಟಿಕ್ ಬಿಂದಿಗೆಯ ಕೆಳಗೆ ಅವತ್ತು ನಾನು ಕಳೆದ ನಾಲ್ಕು ಗಂಟೆಯನ್ನು ಯಾರಿಗೂ ಬಯಸುವುದಿಲ್ಲ.

ನಮ್ಮನೆಯವರು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಮೈದಾನದ ಈ ತುದಿಯಿಂದ ಅವರು ಒಂದು ಸಲ ಗದರಿದರೆ, ಆ ತುದಿಯ ಕಾಂಪೌಂಡಿನಾಚೆ ಸೀಬೆಕಾಯಿ ಕೀಳುತ್ತಿದ್ದ ಹುಡುಗರು ಮರದಿಂದ ಇಳಿಯುತ್ತಿದ್ದರು. ಆ ವರ್ಷ ದಸರಾ ರಜೆ ಮುಗಿದ ಮೇಲೆ ಆ ದನಿ ಒಡೆಯಿತು. ಕಷಾಯ ಆಯಿತು, ಜೇನುತುಪ್ಪ ಆಯಿತು, ಅರಿಶಿನದ ಹಾಲು ಆಯಿತು. ಮೂರು ತಿಂಗಳಾದರೂ ಸರಿಹೋಗದಿದ್ದಾಗ ಜಯನಗರದ ಗಂಟಲು ಡಾಕ್ಟರು ಒಳಗೆ ನೋಡಿ, ಒಂದು ಗಂಟಿದೆ, ತೆಗೆದು ಪರೀಕ್ಷೆಗೆ ಕಳಿಸೋಣ ಎಂದರು. ಏನನ್ನು ಪರೀಕ್ಷೆ ಮಾಡುತ್ತಾರೆ ಎಂದು ನಾನು ಕೇಳಲಿಲ್ಲ. ಡಾಕ್ಟರೂ ಹೇಳಲಿಲ್ಲ. ಆ ಪದವನ್ನು ಮೂವರೂ ಮೇಜಿನ ಮೇಲೆ ಇಟ್ಟುಕೊಂಡು, ಅದರ ಕಡೆ ನೋಡದೆ, ಆಪರೇಷನ್ನಿನ ದಿನ ಗೊತ್ತುಮಾಡಿದೆವು.

ಒಂದು ಗುರುವಾರ ಸಂಜೆ ನಾಲ್ಕಕ್ಕೆ ಗಂಟು ತೆಗೆದರು. ಹತ್ತು ದಿನ ಒಂದು ಮಾತೂ ಕೂಡದು, ಪಿಸುಮಾತೂ ಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ನಮ್ಮನೆಯವರು ಮಗಳ ಹಳೆಯ ಸ್ಲೇಟನ್ನು ಹುಡುಕಿ ತೆಗೆದರು. ಡಾಕ್ಟರಿಗೆ ಅದರ ಮೇಲೆ ಬರೆದು ಕೇಳಿದ ಮೊದಲ ಪ್ರಶ್ನೆ: 'ವಿಷಲ್ ಊದಬಹುದಾ?' ಡಾಕ್ಟರು ನಕ್ಕು, ಮೆಲ್ಲಗೆ ಊದಿ ಎಂದರು. ನಮ್ಮನೆಯವರ ಲೆಕ್ಕದಲ್ಲಿ ಹತ್ತು ದಿನ ಎಂದರೆ ಹತ್ತು ದಿನ. ಮೌನ ಮುಗಿಯುವುದು ಮುಂದಿನ ವಾರದ ಭಾನುವಾರ ಸಂಜೆ ನಾಲ್ಕಕ್ಕೆ. ರಿಪೋರ್ಟು ಬರುವುದು ಸೋಮವಾರ.

ಬೀದಿಯವರಿಗೆಲ್ಲ, "ಹುಡುಗರ ಮೇಲೆ ಕೂಗಿ ಕೂಗಿ ಗಂಟಲು ಕೆಟ್ಟಿದೆ, ರೆಸ್ಟ್ ಕೊಡಬೇಕಂತೆ" ಎಂದು ಹೇಳಿದ್ದೆ. ಹನ್ನೆರಡು ವರ್ಷದ ಮಗಳಿಗೂ ಅದನ್ನೇ ಹೇಳಿದ್ದೆ. ಅಪ್ಪ ಬೈಯಲಾರರು ಎನ್ನುವುದು ಗೊತ್ತಾಗಿ ಅವಳು ಖುಷಿಯಾಗಿಯೇ ಇದ್ದಳು.

ಈ ಸ್ಥಿತಿಯಲ್ಲಿ, ಆ ಭಾನುವಾರ ಬೀದಿಯ ನಾಲ್ಕು ಮನೆಯವರೂ ತುರಹಳ್ಳಿಗೆ ಬುತ್ತಿ ಕಟ್ಟಿಕೊಂಡು ಹೋಗುವುದು ಎಂದು ಇವರು ಸ್ಲೇಟಿನಲ್ಲೇ ಏರ್ಪಾಡು ಮಾಡಿದರು. ನನಗೆ ಬೇಡವಾಗಿತ್ತು. ಮನೆಯಲ್ಲಿ ಕೂತು ಚಿಂತೆ ಮಾಡಬೇಕಿತ್ತು. ಆದರೆ ಮಾತಾಡುವವರ ಜೊತೆ ಜಗಳವಾಡಬಹುದು, ಸ್ಲೇಟಿನ ಜೊತೆ ಹೇಗೆ ಆಡುವುದು? ನಾನು ಹತ್ತು ವಾಕ್ಯ ಹೇಳಿದರೆ ಅವರು ಎರಡು ಪದ ಬರೆದು ಬಳಪ ಕೆಳಗಿಡುತ್ತಿದ್ದರು.

ಸೋಮವಾರದವರೆಗೆ ಕಾಯುವುದು ನನ್ನಿಂದಾಗದ ಕೆಲಸ. ಲ್ಯಾಬು ಭಾನುವಾರ ಮಧ್ಯಾಹ್ನ ಒಂದರವರೆಗೂ ತೆಗೆದಿರುತ್ತದೆ ಎಂದು ವಿಚಾರಿಸಿಕೊಂಡಿದ್ದೆ. ನನ್ನ ತಮ್ಮ ಇದ್ದದ್ದು ತ್ಯಾಗರಾಜನಗರದಲ್ಲಿ. ಶುಕ್ರವಾರ ಆಫೀಸಿನಿಂದ ಬರುವಾಗ ಅವನ ಮನೆಗೆ ಹೋಗಿ ಲ್ಯಾಬಿನ ಚೀಟಿ ಕೊಟ್ಟೆ.

"ಭಾನುವಾರ ಬೆಳಿಗ್ಗೆ ಒಂದ್ಸಲ ಹೋಗಿ ಕೇಳು. ರೆಡಿ ಇದ್ರೆ ಇಸ್ಕೊಂಡು, ಅಲ್ಲೇ ಯಾರನ್ನಾದ್ರೂ ಓದ್ಸಿ ನಂಗೆ ತಿಳ್ಸು. ನಿಮ್ಮ ಭಾವಂಗೆ ಗೊತ್ತಾಗ್ಬಾರ್ದು."

"ನೀವು ಪಿಕ್ನಿಕ್‌ನಲ್ಲಿರ್ತೀರಲ್ಲ, ಹೆಂಗೆ ತಿಳ್ಸೋದು? ಭಾವ ಪಕ್ಕದಲ್ಲೇ ಇರ್ತಾರೆ."

ಅದಕ್ಕೂ ಯೋಚನೆ ಮಾಡಿಟ್ಟಿದ್ದೆ. ಆಗ ನಾವು ಮಾಡುವ ಕರೆಗೆ ದುಡ್ಡು, ಬರುವ ಕರೆಗೆ ಇಲ್ಲ. ಹಾಗಾಗಿ ಎಷ್ಟೋ ಸಂಸಾರಗಳು ಮಿಸ್ಡ್ ಕಾಲ್‌ನಲ್ಲೇ ನಡೆಯುತ್ತಿದ್ದವು. ನಮ್ಮ ಮನೆಯಲ್ಲಿ ಒಂದು ರಿಂಗ್ ಎಂದರೆ ಬಸ್ ಹತ್ತಿದೆ, ಎರಡು ಎಂದರೆ ಹಾಲು ತಗೊಂಡು ಬಾ. ಹದಿನೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಕೂತು ಊರಿನವರ ಬಾಯನ್ನು ಊರಿನವರ ಕಿವಿಗೆ ಜೋಡಿಸಿದ ನನಗೆ ಇಂಥ ಸಂಕೇತಗಳನ್ನು ಕಟ್ಟುವುದರಲ್ಲಿ ಒಂಚೂರು ಜಂಬವೂ ಇತ್ತು.

"ಏನೂ ಇಲ್ಲ ಅಂದ್ರೆ ಒಂದೇ ರಿಂಗ್ ಕೊಟ್ಟು ಕಟ್ ಮಾಡು. ಬೇರೆ ಏನಾದ್ರೂ ಇದ್ರೆ ಪೂರ್ತಿ ಹೊಡ್ಕೊಳ್ಳೋಕೆ ಬಿಡು, ನಾನು ದೂರ ಹೋಗಿ ಎತ್ತಿ ಮಾತಾಡ್ತೀನಿ."

"ಸರಿ ಬಿಡಕ್ಕ. ಒಂದು ರಿಂಗೇ ಬರತ್ತೆ ನೋಡ್ತಿರು" ಎಂದ ತಮ್ಮ. ಅವನು ಹಾಗೆಂದದ್ದು ಅಪಶಕುನವೋ ಏನೋ ಎಂದು ನಾನು ಶನಿವಾರವಿಡೀ ಯೋಚಿಸಿದೆ. ಶನಿವಾರ ಮಧ್ಯಾಹ್ನ ನಮ್ಮನೆಯವರು 'ಹಗ್ಗ ತರ್ತೀನಿ' ಎಂದು ಬರೆದು ತೋರಿಸಿ ಜಯನಗರಕ್ಕೆ ಹೋಗಿ, ಕತ್ತಲಾಗುವ ಹೊತ್ತಿಗೆ ಹಗ್ಗಜಗ್ಗಾಟಕ್ಕೆ ಆಗುವಂಥ ದಪ್ಪ ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಬಂದರು. ಹಗ್ಗ ತರಲು ಅಷ್ಟು ಹೊತ್ತೇ ಎಂದು ಕೇಳಬೇಕೆನಿಸಿತ್ತು. ಚಿತ್ರಾನ್ನಕ್ಕೆ ಕಾಯಿ ತುರಿಯುವುದರಲ್ಲಿ ಮರೆತೆ.

ಭಾನುವಾರ ಒಂಬತ್ತೂವರೆಗೆ ಜರಗನಹಳ್ಳಿಯವರೊಬ್ಬರ ಟೆಂಪೊದಲ್ಲಿ ಹದಿನೈದು ಜನ ಗುಡ್ಡದ ಬುಡಕ್ಕೆ ಬಂದು ಇಳಿದೆವು. ಫೋನು ನನ್ನ ಕೈಯಲ್ಲೇ ಇತ್ತು. ಇಳಿದ ಕೂಡಲೇ ವಿಷಲ್ ಕೇಳಿಸಿತು. ನೋಡಿದರೆ ನಮ್ಮನೆಯವರು ಒಂದು ಕೈಯಲ್ಲಿ ಎದುರುಮನೆ ಆಂಟಿಯ ಹಸಿರು ಬಿಂದಿಗೆ, ಇನ್ನೊಂದರಲ್ಲಿ ಸ್ಲೇಟು ಹಿಡಿದು ನಿಂತಿದ್ದಾರೆ. ಸ್ಲೇಟಿನಲ್ಲಿ ಬರೆದಿತ್ತು: 'ನಾನು ಹತ್ತು ದಿನ ಬಾಯಿ ಮುಚ್ಚಿದ್ದೇನೆ. ನೀವು ನಾಲ್ಕು ಗಂಟೆವರೆಗೆ ಫೋನ್ ಮುಚ್ಚಿ.'

ಎಲ್ಲರೂ ನಕ್ಕರು. ಹಿಂದಿನ ಸಲ ಹೀಗೇ ಹೋದಾಗ ಅರ್ಧ ಜನ ಫೋನಿನಲ್ಲಿ ಹಾವಿನ ಆಟ ಆಡಿಕೊಂಡು, ಅರ್ಧ ಜನ ಸಿಗ್ನಲ್ ಹುಡುಕಿಕೊಂಡು ಬಂಡೆ ಬಂಡೆ ಹತ್ತಿ ದಿನ ಮುಗಿಸಿದ್ದರು. ನಮ್ಮ ಮಹಡಿ ಮೇಲೆ ಬಾಡಿಗೆಗಿದ್ದ ಬಿಜಾಪುರದವರು, ಬಿ.ಟಿ.ಎಂ.ನ ಯಾವುದೋ ಆಫೀಸಿನಲ್ಲಿ ಕೆಲಸ, ಮೊದಲು ತಮ್ಮ ಫೋನನ್ನು ಬಿಂದಿಗೆಯೊಳಗೆ ಇಳಿಬಿಟ್ಟರು. "ತಗೋರಿ ಸರ. ನಮ್ಮ ಮ್ಯಾನೇಜರ್ ಇವತ್ತ ನೀರಾಗ ಬಿದ್ದ ಅಂತ ತಿಳ್ಕೋತೀನಿ" ಎಂದರು. ಆಮೇಲೆ ಒಬ್ಬೊಬ್ಬರಾಗಿ ಹಾಕಿದರು. ಬಿಂದಿಗೆ ನನ್ನ ಮುಂದೆ ಬಂತು.

"ರೀ, ನಂದು ಬೇಡ. ಆಫೀಸಿಂದ ಬರಬಹುದು" ಎಂದೆ.

ಅವರು 'ಭಾನುವಾರ?' ಎಂದು ಬರೆದರು.

"ಹಾಕಮ್ಮ ಸಾಕು" ಎಂದರು ಎದುರುಮನೆ ಆಂಟಿ. "ನೀನಿಲ್ದೆ ಬೆಂಗಳೂರಿನ ಫೋನೆಲ್ಲ ಸತ್ತೋಗತ್ತಾ?"

ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಮಗಳೂ ನೋಡುತ್ತಿದ್ದಳು. ಇನ್ನೊಂದು ಮಾತು ಆಡಿದರೆ ಯಾಕೆ ಎಂಬ ಪ್ರಶ್ನೆ ಬರುತ್ತಿತ್ತು, ಆ ಪ್ರಶ್ನೆಗೆ ಉತ್ತರ ನನ್ನ ಮುಖದ ಮೇಲೇ ಇರುತ್ತಿತ್ತು. ಹಾಕಿದೆ. ಯಾರ ಕೈಗೂ ಎಟುಕದ ಹಾಗೆ ಹೊಸ ಹಗ್ಗದಲ್ಲಿ ಬಿಂದಿಗೆಯ ಕತ್ತಿಗೆ ಗಂಟು ಹಾಕಿ, ಕೊಂಬೆಯ ಮೇಲಿಂದ ಎಳೆದು, ನಮ್ಮ ತಲೆಗಿಂತ ಎರಡು ಮೊಳ ಎತ್ತರಕ್ಕೆ ನಿಲ್ಲಿಸಿದರು.

ಫೋನುಗಳಲ್ಲಿ ಮುಕ್ಕಾಲು ಪಾಲು ಒಂದೇ ಥರದವು, ತುದಿಯಲ್ಲಿ ಟಾರ್ಚ್ ಇದ್ದವು. ಎಲ್ಲದರ ಟ್ಯೂನೂ ಒಂದೇ. ಆದರೆ ನನ್ನದು ಹಿಂದೊಮ್ಮೆ ಬಟ್ಟೆ ನೆನೆಸಿದ ಬಕೆಟ್ಟಿಗೆ ಬಿದ್ದು ಎದ್ದಿತ್ತು. ಅಂದಿನಿಂದ ಅದರ ದನಿ ಗೊಗ್ಗರು. ಮನೆಯ ಯಜಮಾನರ ಗಂಟಲು ಹೋಗುವ ಮೊದಲೇ ಫೋನಿನ ಗಂಟಲು ಹೋಗಿತ್ತು. ಯಾರದ್ದೇ ಬಾರಿಸಿದರೂ ನನ್ನದು ಯಾವುದೆಂದು ಬೀದಿಗೆಲ್ಲ ಗೊತ್ತಿತ್ತು.

ಲಗೋರಿ ಶುರುವಾಯಿತು. ನಮ್ಮನೆಯವರು ಅಂಪೈರು. ನನ್ನನ್ನು ಕಲ್ಲು ಜೋಡಿಸಲು ನಿಲ್ಲಿಸಿದ್ದರು. ನಾನು ಏಳು ಕಲ್ಲು ಇಟ್ಟು ಆಕಾಶ ನೋಡುತ್ತಿದ್ದೆ. ಮೊದಲು ಬಾರಿಸಿದ್ದು ಯಾರದೋ ಬೇರೆಯವರದು. ಹನ್ನೊಂದು ಗಂಟೆ ದಾಟಿರಬೇಕು, ಐದನೆಯ ಕಲ್ಲು ಕೈಯಲ್ಲಿದ್ದಾಗ ನನ್ನದು ಬಾರಿಸಿತು.

ಬಿಂದಿಗೆಯೊಳಗಿಂದ ಆ ಗೊಗ್ಗರು ದನಿ ಇನ್ನಷ್ಟು ದೊಡ್ಡದಾಗಿ, ಯಾರೋ ಬಾವಿಯೊಳಗೆ ನಿಂತು ಕೂಗಿದ ಹಾಗೆ ಕೇಳಿಸಿತು. ಒಂದು. ಈಗ ನಿಲ್ಲಬೇಕು. ಎರಡು. ತಮ್ಮ ಕಟ್ ಮಾಡುವುದಕ್ಕೆ ತಡಮಾಡಿದ. ಮೂರು. ನಾಲ್ಕು. ಐದರ ಮೇಲೆ ನಾನು ಎಣಿಸಲಿಲ್ಲ. ಅದು ತಾನಾಗಿಯೇ ನಿಲ್ಲುವವರೆಗೂ ಬಾರಿಸಿತು.

"ಅಕ್ಕಾರ, ನಿಮ್ಮದ ಅಲ್ಲೇನ್ರಿ ಅದು?" ಎಂದರು ಮಹಡಿಯವರು.

"ಇರಲಿ ಬಿಡಿ."

ಮತ್ತೆ ಬಾರಿಸಿತು. ಮತ್ತೆ ಪೂರ್ತಿ.

ಚೆಂಡು ಬಂದು ನನ್ನ ಬೆನ್ನಿಗೆ ಬಿತ್ತು. ವಿಷಲ್ ಊದಿದರು, ನಾನು ಔಟ್. ತಿರುಗಿ ನೋಡಿದೆ. ನಮ್ಮನೆಯವರು ಬೆವರಿದ ಮುಖದಲ್ಲಿ ಹಲ್ಲು ಬಿಟ್ಟು ನಗುತ್ತಾ, ಹೊರಗೆ ಹೋಗು ಎಂದು ಕೈ ಮಾಡುತ್ತಿದ್ದರು. ಅವರ ಕತ್ತಿನಲ್ಲಿ ವಿಷಲಿನ ದಾರ, ಅದರ ಮೇಲೆ ಗಂಟಲಿನ ಆ ಮೂಳೆ ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು. ನನಗೆ ಗೊತ್ತಿರುವುದು ಇವರಿಗೆ ಗೊತ್ತಿಲ್ಲ.

ಉಪ್ಪಿನ ಡಬ್ಬಿ ಟೆಂಪೊದಲ್ಲಿ ಉಳಿದಿದೆ ಎಂದು ಸುಳ್ಳು ಹೇಳಿ ಕೆಳಗೆ ಓಡಿದೆ. ಟೆಂಪೊ ಡ್ರೈವರಣ್ಣ ತನ್ನ ಫೋನು ಬಿಂದಿಗೆಗೆ ಹಾಕಿರಲಿಲ್ಲ. ಸೀಟಿನ ಮೇಲೆ ಕಾಲು ಚಾಚಿ ಮಲಗಿದ್ದ.

"ಅಣ್ಣ, ಒಂದೇ ಒಂದು ಕಾಲ್ ಮಾಡ್ಲಾ?"

"ಮಾಡಿ ಮೇಡಂ, ಕರೆನ್ಸಿ ಸ್ವಲ್ಪಾನೇ ಐತೆ. ಒಂದು ನಿಮಿಷದಲ್ಲಿ ಮುಗ್ಸಿ."

ತಮ್ಮನ ನಂಬರ್ ಒತ್ತಿದೆ. ಎಂಗೇಜ್. ಇನ್ನೊಮ್ಮೆ ಒತ್ತಿದೆ. ಎಂಗೇಜ್. ಮೇಲೆ ಬಂಡೆಗಳ ನಡುವಿನಿಂದ ನನ್ನ ಫೋನು ಗೊಗ್ಗರು ದನಿಯಲ್ಲಿ ಬಾರಿಸುತ್ತಿರುವುದು ಸಣ್ಣಗೆ ಕೇಳಿಸುತ್ತಿತ್ತು. ನಾನು ಅವನಿಗೆ ಮಾಡುತ್ತಿದ್ದೆ, ಅವನು ನನಗೆ ಮಾಡುತ್ತಿದ್ದ. ಹದಿನೆಂಟು ವರ್ಷ ಇದೇ ಕೆಲಸ ಮಾಡಿದವಳಿಗೆ ಅವನು ಮುಗಿಸುವವರೆಗೆ ತಡೆಯಬೇಕು ಎಂಬ ಬುದ್ಧಿ ಬರಲಿಲ್ಲ, ಒತ್ತುತ್ತಲೇ ಇದ್ದೆ. ಕೊನೆಗೆ ಸಿಗ್ನಲ್ಲೇ ಹೋಯಿತು. ಅಷ್ಟರಲ್ಲಿ ಮಗಳು ಇಳಿದು ಬಂದಳು.

"ಅಮ್ಮ, ಉಪ್ಪು ಬುಟ್ಟೀಲೇ ಇದೆಯಂತೆ. ಯಾರಿಗೆ ಫೋನ್ ಮಾಡ್ತಿದೀಯ? ಅಪ್ಪಂಗೆ ಹೇಳ್ಲಾ?"

"ಯಾರಿಗೂ ಇಲ್ಲ. ಟೈಮ್ ನೋಡ್ತಿದ್ದೆ."

"ಕೈಯಲ್ಲಿ ವಾಚಿದೆಯಲ್ಲ."

ಅವಳ ಹಿಂದೆ ಗುಡ್ಡ ಹತ್ತುವಾಗ ಒಂದು ತೀರ್ಮಾನಕ್ಕೆ ಬಂದೆ. ಸುದ್ದಿ ಏನೆಂದು ನನಗೆ ತಿಳಿದಿದೆ. ಎತ್ತಿ ಕೇಳಿದರೆ ಅದು ಬದಲಾಗುವುದಿಲ್ಲ. ನಾಲ್ಕು ಗಂಟೆಗೆ ಬಿಂದಿಗೆ ಇಳಿಯುತ್ತದೆ, ಅಲ್ಲಿಂದಾಚೆಗೆ ನಮ್ಮ ಮನೆಯಲ್ಲಿ ಆಸ್ಪತ್ರೆ ಬಿಟ್ಟು ಬೇರೆ ಮಾತಿರುವುದಿಲ್ಲ. ಅಲ್ಲಿಯವರೆಗೆ ಈ ಮನುಷ್ಯ ವಿಷಲ್ ಊದಿಕೊಂಡು ಓಡಾಡಲಿ. ಜೀವನದಲ್ಲಿ ಮೊದಲ ಸಲ ನಾನು ಒಂದು ಚಿಂತೆಯನ್ನು ಯಾರಿಗೂ ಹಂಚದೆ ಒಬ್ಬಳೇ ಹೊತ್ತೆ. ಅದು ಎಷ್ಟು ಭಾರ ಎಂದು ಗೊತ್ತಾಗಿ, ಇಷ್ಟು ವರ್ಷ ನನ್ನ ಚಿಂತೆಗಳನ್ನು ದಿನಕ್ಕೆರಡು ಸಲ ಕೇಳಿಸಿಕೊಂಡವರ ಮೇಲೆ ಕನಿಕರವೂ ಬಂತು.

ಊಟದ ಹೊತ್ತಿಗೆ ಅವರ ಎಲೆಗೆ ಎರಡು ಸಲ ಕೋಸಂಬರಿ ಬಡಿಸಿದೆ, ಹೋಳಿಗೆಗೆ ತುಪ್ಪ ಸುರಿದೆ, ಬಿಸಿಲು ಬೀಳದ ಕಡೆ ಅವರನ್ನು ಕೂರಿಸಿದೆ. ಆಂಟಿ ನೋಡುತ್ತಿದ್ದರು.

"ಏನಮ್ಮ ಇವತ್ತು ಮೇಷ್ಟ್ರಿಗೆ ಇಷ್ಟು ಉಪಚಾರ? ಮಾತಾಡದ ಗಂಡ ಅಂದ್ರೆ ಇಷ್ಟು ಪ್ರೀತೀನಾ?"

"ನಾನೂ ನಾಳಿಂದ ಮಾತ ಬಿಡತೀನ್ರಿ" ಎಂದರು ಮಹಡಿಯವರು. ಅವರ ಹೆಂಡತಿ, "ಬಿಡ್ರಿ, ಪುಣ್ಯಾ ಬರತದ" ಎಂದರು.

ಎಲ್ಲರೂ ನಕ್ಕರು. ನಮ್ಮನೆಯವರು ನನ್ನ ಮುಖವನ್ನೇ ನೋಡಿ ಸ್ಲೇಟು ತೆಗೆದು 'ಏನಾಯ್ತು?' ಎಂದು ಬರೆದರು. ನಾನು ಸೆರಗಿನಿಂದ ಅದನ್ನು ಒರೆಸಿ, "ಏನಿಲ್ಲ, ಬಿಸಿಲು" ಎಂದೆ. ಅವರು ತಲೆಯಾಡಿಸಿದರು. ಅನುಮಾನ ಪಟ್ಟ ಹಾಗೇನೂ ಕಾಣಲಿಲ್ಲ.

ಆ ಮಧ್ಯಾಹ್ನದಲ್ಲಿ ನಡೆದ ಇನ್ನಷ್ಟು ಸಂಗತಿಗಳನ್ನು ಮಗಳು ಈಗಲೂ ಹೇಳುತ್ತಾಳೆ. ಬಂಡೆಯ ಸಂದಿಯಲ್ಲಿ ನವಿಲು ಕಂಡಿತಂತೆ. ಆಂಟಿ ಸೀರೆ ಎತ್ತಿ ಕಟ್ಟಿ ಕುಂಟೆಬಿಲ್ಲೆ ಆಡಿ ಗೆದ್ದರಂತೆ. ಎಲ್ಲರೂ ಮಲಗಿ ಮೋಡ ನೋಡಿ, ಯಾವ ಮೋಡ ಯಾರ ಥರ ಇದೆ ಎಂದು ಜಗಳವಾಡಿದೆವಂತೆ. ನಾನೂ ಜೊತೆಗಿದ್ದೆನಂತೆ. ನನಗೆ ನೆನಪಿರುವುದು ಗಾಳಿಗೆ ಅಷ್ಟಷ್ಟೇ ತೂಗುತ್ತಿದ್ದ ಬಿಂದಿಗೆಯ ಹಸಿರು ತಳ. ಅದರಲ್ಲೊಂದು ಬಿರುಕಿಗೆ ಆಂಟಿ ಮೇಣದಬತ್ತಿ ಕರಗಿಸಿ ಹಚ್ಚಿದ್ದರು. ಆ ಮೇಣದ ಆಕಾರವನ್ನು ಈಗ ಬೇಕಾದರೂ ಬರೆದು ತೋರಿಸುತ್ತೇನೆ.

ಮೂರು ಗಂಟೆಯ ಮೇಲೆ ಹಗ್ಗಜಗ್ಗಾಟ ಎಂದರು. ಹಗ್ಗ ಮರದ ಮೇಲಿತ್ತು. ಬಿಂದಿಗೆ ಇಳಿಸಿ ಬಂಡೆಯ ಮೇಲೆ ಇಟ್ಟು ಗಂಟು ಬಿಚ್ಚುತ್ತಿದ್ದ ಹಾಗೇ ಅದರೊಳಗೆ ಗೊಗ್ಗರು ದನಿ ಎದ್ದಿತು. ಈಗ ಅದು ನನ್ನ ಮೊಣಕಾಲಿನ ಹತ್ತಿರ, ಪ್ಲಾಸ್ಟಿಕ್ಕೆಲ್ಲ ಗಡಗಡ ಎನ್ನುವ ಹಾಗೆ ಬಾರಿಸುತ್ತಿತ್ತು.

"ಎತ್ತಮ್ಮ" ಎಂದರು ಆಂಟಿ. ದನಿಯಲ್ಲಿ ತಮಾಷೆ ಇರಲಿಲ್ಲ. "ಬೆಳಿಗ್ಗೆಯಿಂದ ಹೊಡ್ಕೊಳ್ತಾ ಇದೆ. ಯಾರಿಗೇನಾಗಿದೆಯೋ."

"ಬೇಡ ಆಂಟಿ. ನಾಲ್ಕು ಗಂಟೆ ಆಗಲಿ."

ಎಲ್ಲರೂ ನನ್ನನ್ನು ನೋಡಿದರು. ಹಾಲಿನವನು ಹತ್ತು ನಿಮಿಷ ತಡವಾದರೆ ಅವನಿಗೆ ಆಕ್ಸಿಡೆಂಟಾಗಿದೆ ಎಂದು ತೀರ್ಮಾನಿಸುವ ಹೆಂಗಸು, ಕಾಲ ಬುಡದಲ್ಲಿ ಕೂಗುವ ಫೋನನ್ನು ಎತ್ತಲಾರೆ ಎನ್ನುತ್ತಿದ್ದಳು. ಫೋನು ನಿಂತಿತು. ಮತ್ತೆ ಶುರುವಾಯಿತು. ಮಗಳು ಬಿಂದಿಗೆಗೆ ಕೈ ಹಾಕಹೋದಳು. ನಾನು ಅವಳ ರಟ್ಟೆ ಹಿಡಿದು ಎಳೆದೆ, ಎಳೆದದ್ದು ಜೋರಾಯಿತು. "ಮುಟ್ಟಬೇಡ ಅಂದ್ನಲ್ಲ" ಎಂದು ಕೂಗಿ ಅಲ್ಲೇ ಬಂಡೆಯ ಮೇಲೆ ಕೂತುಬಿಟ್ಟೆ. ಕಣ್ಣಿಂದ ನೀರು ಇಳಿಯುತ್ತಿತ್ತು, ನಿಲ್ಲಿಸಲಾಗಲಿಲ್ಲ.

ನಮ್ಮನೆಯವರು ಹಗ್ಗ ಬಿಟ್ಟು ಬಂದು ನನ್ನ ಎದುರು ಕುಕ್ಕರಗಾಲಿನಲ್ಲಿ ಕೂತರು. ಬಿಂದಿಗೆ ನೋಡಿದರು, ನನ್ನನ್ನು ನೋಡಿದರು. ಇಪ್ಪತ್ತು ವರ್ಷ ಹುಡುಗರ ಕಳ್ಳಾಟಗಳನ್ನು ಹಿಡಿದ ಮನುಷ್ಯ, ಇದನ್ನೂ ಹಿಡಿದರು. ಸ್ಲೇಟಿಗೆ ಕೈ ಚಾಚಿದರು. ಅದು ದೂರ ಇತ್ತು. ವಾಚು ನೋಡಿಕೊಂಡರು. ಮೂರು ಇಪ್ಪತ್ತು.

"ಏನೂ ಇಲ್ಲ ಕಣೆ" ಎಂದರು.

ಅದು ಅವರ ದನಿಯಾಗಿರಲಿಲ್ಲ. ಬಕೆಟ್ಟಿಗೆ ಬಿದ್ದೆದ್ದ ದನಿ. ಟ್ರ್ಯಾಕ್ ಪ್ಯಾಂಟಿನ ಹಿಂದಿನ ಜೇಬಿನಿಂದ ನಾಲ್ಕು ಮಡಿಕೆ ಮಡಿಸಿದ, ಬೆವರಿಗೆ ಒದ್ದೆಯಾದ ಒಂದು ಕಾಗದ ತೆಗೆದು ನನ್ನ ಮಡಿಲಲ್ಲಿಟ್ಟರು. "ನಿನ್ನೇನೇ ತಂದೆ. ಡಾಕ್ಟರಿಗೂ ತೋರಿಸ್ದೆ. ಕೂಗಿ ಕೂಗಿ ಆಗಿರೋ ಗಂಟಂತೆ. ಅಷ್ಟೇ."

ಬೀದಿಗೆಲ್ಲ ನಾನು ಹೇಳಿದ್ದ ಸುಳ್ಳು ನಿಜವಾಗಿತ್ತು. ಕಾಗದದ ಮೇಲಿನ ಅಕ್ಷರ ಒಂದೂ ಕಾಣಿಸಲಿಲ್ಲ. ಬಿಂದಿಗೆ ಮತ್ತೆ ಕೂಗಿತು. ಈ ಸಲ ಆಂಟಿಯೇ ಕೈ ಹಾಕಿ ಫೋನು ತೆಗೆದು ನನ್ನ ಕಿವಿಗೆ ಹಿಡಿದರು.

"ಎಲ್ಲಿ ಹೋಗಿದ್ದೆ ಅಕ್ಕ?" ತಮ್ಮ ಕೂಗುತ್ತಿದ್ದ. "ಬೆಳಿಗ್ಗೆಯಿಂದ ಮಾಡಿ ಮಾಡಿ ಬೆರಳು ಸೋತೋಯ್ತು. ಲ್ಯಾಬಲ್ಲಿ ರಿಪೋರ್ಟೇ ಇಲ್ಲ. ಚೀಟಿ ಇಲ್ದೇನೇ ಪೇಶೆಂಟೇ ನಿನ್ನೆ ಬಂದು ತಗೊಂಡು ಹೋದ್ರಂತೆ. ಅದಕ್ಕೆ ಒಂದು ರಿಂಗಾ, ಪೂರ್ತಿ ರಿಂಗಾ? ನೀನು ಅದನ್ನ ಹೇಳಿರ್ಲಿಲ್ಲ."

ಹೇಳಿರಲಿಲ್ಲ. ಒಳ್ಳೆಯದಕ್ಕೊಂದು, ಕೆಟ್ಟದ್ದಕ್ಕೊಂದು ಸಂಕೇತ ಕಟ್ಟಿದ್ದೆ. ಗಂಡ ಹಗ್ಗ ತರಲು ಹೋದವನು ರಿಪೋರ್ಟನ್ನೂ ತಂದು ಜೇಬಿನಲ್ಲಿಟ್ಟುಕೊಂಡು ಮಲಗಿದರೆ ಎಷ್ಟು ರಿಂಗ್ ಎಂದು ಯೋಚಿಸಿರಲಿಲ್ಲ.

"ನಿನ್ನೇನೇ ಯಾಕೆ ಹೇಳ್ಲಿಲ್ಲ?" ಎಂದು ಅವರ ಮೇಲೆ ತಿರುಗಿದೆ. ಬೀದಿಯವರ ಮುಂದೆ ಗಂಡನನ್ನು ಹಾಗೆ ಕೇಳಿದ್ದು ಅದೇ ಮೊದಲು.

ಅವರಾಗಲೇ ಮಗಳಿಂದ ಸ್ಲೇಟು ತರಿಸಿಕೊಂಡಿದ್ದರು. ಮುರಿದ ನಿಯಮವನ್ನು ಉಳಿದ ನಲವತ್ತು ನಿಮಿಷಕ್ಕಾದರೂ ಪಾಲಿಸುವ ಹಟ. 'ಬಾಯಲ್ಲಿ ಹೇಳಬೇಕು ಅಂತಿತ್ತು. ನಾಲ್ಕು ಗಂಟೆಗೆ. ಮೊದಲ ಮಾತು' ಎಂದು ಬರೆದರು. ಒರೆಸಿದರು. ಮತ್ತೆ ಬರೆದರು: 'ನೀನು ಸೋಮವಾರಕ್ಕೆ ಕಾಯ್ತಿದೀಯ ಅಂದ್ಕೊಂಡೆ.'

"ಊಟಕ್ಕೆ ಕೂತಾಗ ನನ್ನ ಮುಖ ನೋಡಿದ್ರಲ್ಲ. ಗೊತ್ತಾಗ್ಲಿಲ್ವಾ?"

ಅವರು ಸ್ಲೇಟು ಒರೆಸಿ ಬರೆದರು: 'ನಿನ್ನ ಮುಖ ದಿನಾ ಹಾಗೇ ಇರತ್ತೆ.'

ಅದನ್ನು ಓದಿ ಮೊದಲು ನಕ್ಕವರು ಮಹಡಿಯವರ ಹೆಂಡತಿ. ನಗಬಾರದೆಂದು ಸೆರಗನ್ನು ಬಾಯಿಗೆ ತುರುಕಿಕೊಂಡರು. ಆಮೇಲೆ ಆಂಟಿ. ಮಗಳು ಮಾತ್ರ ನಗಲಿಲ್ಲ. ಆ ಕಾಗದವನ್ನು ಎತ್ತಿಕೊಂಡು, ಅರ್ಥವಾಗದ ಇಂಗ್ಲಿಷನ್ನು ಕೊನೆಯವರೆಗೂ ಓದಿ, "ನಂಗ್ಯಾಕೆ ಯಾರೂ ಹೇಳ್ಲಿಲ್ಲ?" ಎಂದು ಕೇಳಿದಳು. ಅವಳ ರಟ್ಟೆಯ ಮೇಲೆ ನನ್ನ ಬೆರಳುಗಳು ಕೆಂಪಗೆ ಎದ್ದಿದ್ದವು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಲ್ಲಿ ಸವರುತ್ತಾ ಇದ್ದೆ.

ನಾಲ್ಕಕ್ಕೆ ಇನ್ನೂ ಹೊತ್ತಿದೆ ಎಂದು ನಮ್ಮನೆಯವರು ನನ್ನ ಫೋನನ್ನು ತಿರುಗಿ ಬಿಂದಿಗೆಗೆ ಹಾಕಿ ವಿಷಲ್ ಊದಿದರು. ಹಗ್ಗಜಗ್ಗಾಟ. ಈ ಸಲ ಅವರೂ ಒಂದು ಕಡೆ ಹಿಡಿದರು. ಮದುವೆಯಾದಂದಿನಿಂದ ಯಾವ ಆಟದಲ್ಲೂ ನಾನು ಅವರ ಕಡೆಯೇ. ಅವತ್ತು ಎದುರು ಕಡೆಗೆ ಹೋಗಿ, ಆಂಟಿಯ ಮುಂದೆ ನಿಂತು ಹಗ್ಗ ಹಿಡಿದೆ. ಶನಿವಾರ ಸಂಜೆಯಿಂದ ಅವರು ಬಚ್ಚಿಟ್ಟದ್ದು, ಶುಕ್ರವಾರದಿಂದ ನಾನು ಬಚ್ಚಿಟ್ಟದ್ದು, ಎಲ್ಲವನ್ನೂ ಸೇರಿಸಿ ಎಳೆದೆ. ಅಂಗೈ ಸುಲಿಯಿತು. ನಾವು ಗೆದ್ದೆವು. ಅದರಲ್ಲಿ ಮುಕ್ಕಾಲು ಪಾಲು ಆಂಟಿಯ ತೂಕದ್ದು. ನಮ್ಮನೆಯವರು ಮಣ್ಣಿನಲ್ಲಿ ಬಿದ್ದು, ವಿಷಲ್ ಬಾಯಲ್ಲಿಟ್ಟುಕೊಂಡೇ ನಕ್ಕಿದ್ದಕ್ಕೆ ಅದು ಪೀಪೀ ಎಂದು ಊದಿಕೊಂಡಿತು. ಆ ದಿನದಲ್ಲಿ ನನ್ನದೇ ಎಂದು ನೆನಪಿರುವುದು ಅದೊಂದು.

ಅವರ ಹಳೆಯ ದನಿ ಪೂರ್ತಿ ಬರಲಿಲ್ಲ. ಸೀಬೆಮರದ ಹುಡುಗರು ಆಮೇಲೆ ವಿಷಲಿಗೇ ಇಳಿಯುವುದನ್ನು ಕಲಿತರು.

ಸೋಮವಾರ ಬೆಳಿಗ್ಗೆ ಆರೂವರೆಗೆ ಎದುರುಮನೆ ಆಂಟಿ ಬಾಗಿಲು ಬಡಿದರು. ಹಿಂದಿನ ಸಂಜೆ ಎಲ್ಲರೂ ಅವರವರ ಫೋನು ತೆಗೆದುಕೊಂಡು ಹೋಗಿದ್ದರು. ರಾತ್ರಿ ಮಲಗುವಾಗಲೂ ನನಗೆ ನನ್ನದರ ನೆನಪಾಗಿರಲಿಲ್ಲ. ಗ್ಯಾಸನ್ನೂ ಒಂದೇ ಸಲ ನೋಡಿ ಮಲಗಿದ್ದೆ.

"ನೀರು ಬಂತು ಅಂತ ನಿದ್ದೆಗಣ್ಣಲ್ಲಿ ಬಿಂದಿಗೆ ನಲ್ಲಿ ಕೆಳಗಿಟ್ಟೆ ಕಣಮ್ಮ" ಎಂದರು ಆಂಟಿ, ತುಂಬಿದ ಬಿಂದಿಗೆಯನ್ನು ಹೊಸಿಲ ಮೇಲಿಟ್ಟು. "ತುಂಬಿದ ಮೇಲೆ ನೋಡ್ತೀನಿ, ತಳದಲ್ಲಿ ಏನೋ ಕರ್ರಗೆ. ಬಗ್ಗಿ ನೋಡು, ನಿಂದೇನಾ?"